ನಮ್ಮ ಅಂಗಳ, ನಮ್ಮ ನೆರಳು

(ಜಲನಗರದ ಸಾಕ್ಷರತಾ ಕೇಂದ್ರದಲ್ಲಿ ಆಡಿದ ಮಾತು)

ತಾಯಂದಿರೇ, ಅಕ್ಕಂದಿರೇ, ತಂಗಿಯರೇ,



ಇಂದು ಜಲನಗರದ ನಮ್ಮ ಕೇಂದ್ರದಲ್ಲಿ ನಾವೆಲ್ಲ ಕೂಡಿದ್ದೇವೆ. ತಿಕೋಟಾ ಕಡೆಯಿಂದ ಬಂದವರು ಇದ್ದೀರಿ. ಬಬಲೇಶ್ವರ ಕಡೆಯಿಂದ ಬಂದವರೂ ಇದ್ದೀರಿ. ಬಿಸಿಲಲ್ಲಿ ಬಂದಿದ್ದೀರಿ. ಮೊದಲು ನೀರು ಕುಡಿಯಿರಿ. ಸೆರಗಿನಿಂದ ಗಾಳಿ ಹಾಕಿಕೊಳ್ಳಿರಿ. ಆಮೇಲೆ ಮಾತಾಡೋಣ.

ನೀವು ಒಳಗೆ ಬರುವಾಗ ನಾವು ಒಂದು ಮಾತು ಗಮನಿಸಿದೆವು. ನೀವೆಲ್ಲ ಚಪ್ಪಲಿ ಬಿಟ್ಟದ್ದು ಎಲ್ಲಿ? ಆ ಬೇವಿನ ಗಿಡದ ಕೆಳಗೆ. ನಿಂತು ಬೆವರು ಒರೆಸಿಕೊಂಡದ್ದು ಎಲ್ಲಿ? ಅದೇ ಬೇವಿನ ಕೆಳಗೆ. ಯಾರೂ ನಿಮಗೆ ಅಲ್ಲಿ ನಿಲ್ಲಿರಿ ಅಂತ ಹೇಳಲಿಲ್ಲ. ಕಾಲೇ ಕರೆದುಕೊಂಡು ಹೋದವು. ಹೌದಲ್ರಿ?

ಇಂದಿನ ಮಾತು ಅದೇ. ನೆರಳಿನ ಮಾತು. ಮನೆಯ ಮುಂದಿನ ಅಂಗಳ, ಹಿಂದಿನ ಹಿತ್ತಲ, ಓಣಿಯ ಖುಲ್ಲಾ ಜಾಗ, ಅಂಗನವಾಡಿಯ ಸುತ್ತಲಿನ ನೆಲ, ಇವುಗಳನ್ನು ಹೇಗೆ ಕಾಯಬೇಕು? ಕಡಿಮೆ ನೀರಿನಲ್ಲಿ ಹಸಿರು ಹೇಗೆ ಬೆಳೆಸಬೇಕು? ಅದರಿಂದ ಮಕ್ಕಳಿಗೆ, ದನಗಳಿಗೆ ಅಪಾಯ ಆಗದಂತೆ ಹೇಗೆ ನೋಡಬೇಕು?

ಇದನ್ನು ಹೇಳಲು ನಾವೇನು ದೊಡ್ಡ ತಜ್ಞರಲ್ಲ. ನಾವು ಸಾಲಿ ಕಲಿಸುವವರು. ತಪ್ಪು ಮಾಡಿ ಕಲಿತವರು. ಆ ತಪ್ಪನ್ನೇ ಮೊದಲು ಹೇಳುತ್ತೇವೆ.

ನಾವು ಮಾಡಿದ ತಪ್ಪು

ಮೂರು ವರ್ಷದ ಹಿಂದಿನ ಮಾತು. ನಮ್ಮ ಓಣಿಯಲ್ಲಿ ಒಂದು ಖುಲ್ಲಾ ಜಾಗ ಇತ್ತು. ಅದರ ತುಂಬ ಕಾಂಗ್ರೆಸ್ ಕಸ, ಜಾಲಿ ಮುಳ್ಳು, ಪ್ಲಾಸ್ಟಿಕ್ ಚೀಲ. ಸ್ವಯಂಸೇವಕರಾದ ನಾವು, ಕಲಿಯಲು ಬರುವ ಅಕ್ಕಂದಿರು, ಎಲ್ಲರೂ ಸೇರಿ ಒಂದು ಭಾನುವಾರ ಅದನ್ನು ಹಸನು ಮಾಡಿದೆವು. ಮಾರ್ಚ್ ತಿಂಗಳು. ಎಲ್ಲ ಒಣಗಿತ್ತು. ಕಸ ಗುಡಿಸಿ ಒಂದು ಕಡೆ ರಾಶಿ ಹಾಕಿದೆವು. ಕಡ್ಡಿ ಗೀರಿ ಬೆಂಕಿ ಹಚ್ಚಿದೆವು.

ಬೆಂಕಿ ಹಚ್ಚಿದವರು ಬೇರೆ ಯಾರೂ ಅಲ್ಲ. ನಾವೇ.

ಆಗ ಗಾಳಿ ಎದ್ದಿತು. ಮಧ್ಯಾಹ್ನದ ಸುಳಿಗಾಳಿ ನಿಮಗೆ ಗೊತ್ತೇ ಇದೆ. ಕಿಡಿ ಹಾರಿ ಒಣ ಹುಲ್ಲಿಗೆ ಬಿತ್ತು. ಹುಲ್ಲಿನಿಂದ ಪಕ್ಕದ ಮನೆಯ ಬಣವಿಗೆ ಹತ್ತಿತು. ಆ ಮನೆಯಲ್ಲಿ ಒಂದು ಎಮ್ಮೆ. ಅದರ ಹಾಲಿನ ಮೇಲೆ ನಾಲ್ಕು ಜನರ ಹೊಟ್ಟೆ. ಮಳೆಗಾಲದವರೆಗೆ ಅಂತ ಕೂಡಿಟ್ಟ ಕಣಿಕಿ ಅರ್ಧ ತಾಸಿನಲ್ಲಿ ಬೂದಿ ಆಯಿತು. ಓಣಿಯವರೆಲ್ಲ ಕೊಡ, ಬಕೇಟು ತಂದು ಸುರಿದರು. ಕುಡಿಯಲು ತುಂಬಿಟ್ಟ ನೀರೂ ಬೆಂಕಿಗೆ ಹೋಯಿತು. ಮನೆ ಉಳಿಯಿತು. ಎಮ್ಮೆ ಉಳಿಯಿತು. ಮೇವು ಉಳಿಯಲಿಲ್ಲ.

ನಾವು ರೊಕ್ಕ ಕೂಡಿಸಿ ಕೊಟ್ಟೆವು. ಪೂರಾ ಕೊಡಲು ಆಗಲಿಲ್ಲ. ಆ ಮನೆಯ ಅಕ್ಕ ನಮ್ಮನ್ನು ಬೈಯಲಿಲ್ಲ. ಆದರೆ ಎಂಟು ದಿನ ತರಗತಿಗೆ ಬರಲಿಲ್ಲ. ಆ ಖಾಲಿ ಜಾಗ ನೋಡಿ ನಮಗೆ ಪಾಠ ಹೇಳಲು ಬಾಯಿ ಬರಲಿಲ್ಲ.

ಎರಡನೆಯ ತಪ್ಪು ಜೂನ್ 5ರಂದು ಮಾಡಿದೆವು. ಅಂದು ಪರಿಸರ ದಿನ. ಅದೇ ಜಾಗದಲ್ಲಿ 20 ಸಸಿ ಹಚ್ಚಿದೆವು. ಗೇಣು ಆಳದ ಕುಣಿ ತೋಡಿದೆವು. ಬೇಲಿ ಹಾಕಲಿಲ್ಲ. ಕೆಲವನ್ನು ಕರೆಂಟಿನ ತಂತಿಯ ಕೆಳಗೇ ಹಚ್ಚಿದೆವು. ಮಳೆ ತಡ ಆಯಿತು. ಅಕ್ಕಂದಿರು ದಿನಾ ಕೊಡ ಹೊತ್ತು ನೀರು ಹಾಕಿದರು. ಆಡು ಬಂದು ಚಿಗುರು ತಿಂದವು. ದೀಪಾವಳಿಗೆ ನೋಡಿದರೆ ಉಳಿದದ್ದು ಮೂರೇ ಮೂರು.

ಆಗ ನಮ್ಮ ತರಗತಿಯ ಹಿರಿಯ ಅಜ್ಜಿ ಒಂದು ಮಾತು ಹೇಳಿದರು. "ಅಕ್ಕೋರ, ಗಿಡಾ ಹಚ್ಚೂದು ದೊಡ್ಡದಲ್ಲ. ಅದಕ್ಕ ಎರಡು ಬ್ಯಾಸಗಿ ದಾಟಸೂದು ದೊಡ್ಡದು. ನೀವು ಹಚ್ಚಿ ಫೋಟೋ ತಗೊಂಡ್ರಿ. ನಾವು ನೀರು ಹೊತ್ತೀವಿ."

ನಮಗೆ ತಲೆ ಎತ್ತಲು ಆಗಲಿಲ್ಲ. ಆದರೆ ಕಿವಿ ತೆರೆಯಿತು. "ಹಂಗಾದ್ರ ಹೆಂಗ ಮಾಡೂದು, ಅಜ್ಜಿ?" ಅಂತ ಕೇಳಿದೆವು. ಅವರು ಹೇಳುತ್ತ ಹೋದರು. ನಾವು ಬರೆದುಕೊಂಡೆವು. ಪುಸ್ತಕ ಓದಿದೆವು. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರಕ್ಕೆ ಹೋಗಿ ಕೇಳಿದೆವು. ಕಲಿತದ್ದನ್ನು ಇಂದು ನಿಮ್ಮ ಮುಂದೆ ಇಡುತ್ತೇವೆ.

ನಮ್ಮ ನೆಲ, ನಮ್ಮ ಮಳೆ

ಮೊದಲು ನಮ್ಮ ಜಿಲ್ಲೆಯನ್ನು ತಿಳಿಯೋಣ.

ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುತ್ತದೆ. ಮಲೆನಾಡಿನ ಆಗುಂಬೆಯಲ್ಲಿ 7,000 ಮಿಲಿಮೀಟರಿಗಿಂತ ಹೆಚ್ಚು ಬೀಳುತ್ತದೆ. ಅಲ್ಲಿಯ ಹತ್ತು ಪಾಲಿನಲ್ಲಿ ನಮ್ಮದು ಒಂದು ಪಾಲೂ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ.

ನಮ್ಮ ಹಿರಿಯರು 1972ರ ಬರ ಇನ್ನೂ ಮರೆತಿಲ್ಲ. ಆ ಅಜ್ಜಿ ಆಗ ಸಣ್ಣ ಹುಡುಗಿ. ತಾಯಿಯ ಸಂಗಡ ಬರಗಾಲದ ಕೆಲಸಕ್ಕೆ ಹೋಗಿ ಕಲ್ಲು ಹೊತ್ತವರು. ನೀರಿನ ಬೆಲೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ.

ಕಾಡಿನ ಮಾತು ಕೇಳಿರಿ. ಕರ್ನಾಟಕದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ನೆಲದ ಮೇಲೆ ಕಾಡು ಇದೆ. ನಮ್ಮ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಶೇಕಡಾ 0.17 ಮಾತ್ರ ಇತ್ತು. ಅಂದರೆ 1,000 ಎಕರೆ ನೆಲ ಇದ್ದರೆ ಅದರಲ್ಲಿ ಎರಡು ಎಕರೆಯೂ ಕಾಡು ಇರಲಿಲ್ಲ. ಇದನ್ನು ಕಂಡೇ 2016ರಲ್ಲಿ 'ಕೋಟಿ ವೃಕ್ಷ ಅಭಿಯಾನ' ಶುರುವಾಯಿತು. ಊರೂರಿಗೆ ಸಸಿ ಬಂದವು. ಹೊಲದ ಬದುವಿನಲ್ಲಿ, ರಸ್ತೆ ಬದಿಯಲ್ಲಿ, ಸಾಲಿಯ ಅಂಗಳದಲ್ಲಿ ಹಚ್ಚಿದರು. ಏತ ನೀರಾವರಿಯಿಂದ ತಿಕೋಟಾ, ಬಬಲೇಶ್ವರ ಭಾಗದ ಕೆರೆಗಳಿಗೆ ಕೃಷ್ಣೆಯ ನೀರೂ ಬಂದಿತು. ಬತ್ತಿದ ಬಾವಿಗಳಲ್ಲಿ ನೀರು ಕಂಡವರು ಇಲ್ಲೇ ಕುಳಿತಿದ್ದೀರಿ.

ನೀರು ಬಂತು ಅಂತ ಚೆಲ್ಲಬಹುದೇ? ಮನೆಗೆ ಹೊಸ ಸೊಸೆ ಬಂದಳು ಅಂತ ಅತ್ತೆ ಕಣಜ ಖಾಲಿ ಮಾಡುತ್ತಾಳೆಯೇ? ಇಲ್ಲ. ನೀರಿಗೂ ಹಾಗೇ.

ಹಿಂದಿನವರ ಜಾಣತನ

ನಮ್ಮ ಓಣಿಯ ಹೆಸರು ಜಲನಗರ. ಈ ಇಡೀ ಊರೇ ಒಂದು ಕಾಲಕ್ಕೆ ಜಲನಗರ ಆಗಿತ್ತು ಗೊತ್ತೇನ್ರಿ?

ಆದಿಲ್‌ಶಾಹಿ ಅರಸರ ಕಾಲದಲ್ಲಿ ಈ ಕಲ್ಲುನೆಲದ ಊರಿನಲ್ಲಿ ಬಹಳ ಜನ ಇದ್ದರು. ಅವರಿಗೆಲ್ಲ ನೀರು ಎಲ್ಲಿಂದ ಬಂತು? ತಿಕೋಟಾ ದಾರಿಯಲ್ಲಿ ತೊರವಿ ಊರಿದೆ. ಅಲ್ಲಿಂದ ನೆಲದ ಒಳಗೇ ಸುರಂಗ ಕೊರೆದು ನೀರು ತಂದರು. ಅದಕ್ಕೆ ಸುರಂಗ ಬಾವಡಿ ಅಂತಾರೆ. ಅಲ್ಲಲ್ಲಿ ಮೇಲಿನಿಂದ ಬಾವಿಯ ಹಾಗೆ ಕಿಂಡಿ ಬಿಟ್ಟರು. ಒಳಗೆ ಗಾಳಿ ಬೆಳಕು ಬರಲಿ, ಇಳಿದು ಹೂಳು ತೆಗೆಯಲು ಬರಲಿ ಅಂತ.

1620ರಲ್ಲಿ ತಾಜ್ ಬಾವಡಿ ಕಟ್ಟಿದರು. 1651ರಲ್ಲಿ ಬೇಗಂ ತಲಾಬ್ ಕಟ್ಟಿದರು. ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಹರಿಸಿದರು. ಆ ಕೊಳವೆಗಳ ಸುತ್ತ ಗಚ್ಚಿನ ಗಟ್ಟಿ ಕವಚ ಮಾಡಿ ನೆಲದಲ್ಲಿ ಹುಗಿದರು. ನೀರಿನ ಒತ್ತಡಕ್ಕೆ ಕೊಳವೆ ಒಡೆಯಬಾರದು ಅಂತ ನಡುನಡುವೆ ಗೋಪುರ ಕಟ್ಟಿದರು. ಅವಕ್ಕೆ ಗಂಜ್ ಅನ್ನುತ್ತಾರೆ. ಕೆಲವು ಇಂದಿಗೂ ನಿಂತಿವೆ.

ಒಂದು ಮಾತು ವಿಚಾರ ಮಾಡಿರಿ. ಅವರು ನೀರನ್ನು ನೆಲದ ಒಳಗೆ ಯಾಕೆ ಹರಿಸಿದರು? ಮೇಲೆ ಕಾಲುವೆ ತೋಡಿದ್ದರೆ ಕೆಲಸ ಸುಲಭ ಇತ್ತು. ಆದರೆ ನಮ್ಮ ಬಿಸಿಲಿಗೆ ಮೇಲಿನ ನೀರು ಆರಿಹೋಗುತ್ತದೆ. ಒಳಗಿನ ನೀರು ತಂಪಾಗಿ ಉಳಿಯುತ್ತದೆ. ಕೊಳೆಯೂ ಕಡಿಮೆ.

ಬಿಸಿಲೂರಿನಲ್ಲಿ ನೀರು ಮುಚ್ಚಿಡಬೇಕು. ನೆಲವನ್ನೂ ಮುಚ್ಚಿಡಬೇಕು. ಈ ಒಂದು ಮಾತು ನೆನಪಿಟ್ಟರೆ ಇಂದಿನ ಅರ್ಧ ಪಾಠ ಮುಗಿದ ಹಾಗೆ.

ಯಾವ ಗಿಡ ಹಚ್ಚಬೇಕು?

ನೋಡಲು ಚೆಂದ ಅಂತ ಯಾವುದೋ ಗಿಡ ತರಬಾರದು. ಹಸಿರು ಹುಲ್ಲಿನ ಹಾಸು ಕಣ್ಣಿಗೆ ಚೆಂದ. ಆದರೆ ಅದು ದಿನಾ ನೀರು ಬೇಡುತ್ತದೆ. ನೆರಳು ಕೊಡುವುದಿಲ್ಲ. ಕಾಯಿ ಕೊಡುವುದಿಲ್ಲ. ನಮಗೆ ಅದು ಬೇಡ.

ನಮ್ಮ ನೆಲಕ್ಕೆ ಹೊಂದುವ ಗಿಡಗಳು ಇವು.

ನೆರಳಿಗೆ: ಬೇವು, ಹೊಂಗೆ, ಹುಣಸೆ, ಬನ್ನಿ.
ಹಣ್ಣಿಗೆ: ಸೀತಾಫಲ, ಬಾರೆ, ಪೇರು, ನೆಲ್ಲಿ, ನಿಂಬೆ.
ಅಡಿಗೆಗೆ: ನುಗ್ಗೆ, ಕರಿಬೇವು.

ನುಗ್ಗೆ ಬೇಗ ಬೆಳೆಯುತ್ತದೆ. ಅದರ ಸೊಪ್ಪಿನಲ್ಲಿ ಕಬ್ಬಿಣದ ಅಂಶ ಇದೆ. ಬಸುರಿ, ಬಾಣಂತಿಯರಿಗೆ ಒಳ್ಳೆಯದು. ಆದರೆ ಅದರ ಕೊಂಬೆ ಮೆತ್ತಗೆ. ಬೇಗ ಮುರಿಯುತ್ತದೆ. ಮಕ್ಕಳನ್ನು ಹತ್ತಗೊಡಬಾರದು.

ಆಲ, ಅರಳಿ, ಬಸರಿ ದೊಡ್ಡ ಗಿಡಗಳು. ಅವುಗಳ ಬೇರು ದೂರ ಹೋಗುತ್ತವೆ. ಗೋಡೆ, ಪಾಯ ಸೀಳುತ್ತವೆ. ಅವನ್ನು ಕೆರೆ ದಂಡೆಗೆ, ಗುಡಿಯ ಬಯಲಿಗೆ ಹಚ್ಚಿರಿ. ಮನೆಗೆ ಹತ್ತಿಸಿ ಬೇಡ. ಬೇವು, ಹುಣಸೆಯನ್ನೂ ಗೋಡೆಯಿಂದ 15 ಫೂಟು ದೂರ ಇಡಿರಿ. ಮನೆಯ ಪಡುವಣ ದಿಕ್ಕಿಗೆ ನೆರಳಿನ ಗಿಡ ಇದ್ದರೆ ಒಳ್ಳೆಯದು. ಮಧ್ಯಾಹ್ನದ ಮೇಲಿನ ಸುಡು ಬಿಸಿಲು ಗೋಡೆಗೆ ತಾಗುವುದಿಲ್ಲ. ರಾತ್ರಿ ಮನೆ ತಂಪು ಇರುತ್ತದೆ.

ಯಾವಾಗ, ಹೇಗೆ ಹಚ್ಚಬೇಕು?

ಪರಿಸರ ದಿನ ಬಂತು ಅಂತ ಹಚ್ಚಬಾರದು. ಮಳೆ ಬಂತು ಅಂತ ಹಚ್ಚಬೇಕು. ಎರಡು ಒಳ್ಳೆಯ ಮಳೆ ಬಿದ್ದು ನೆಲ ಹಸಿ ಆಗಲಿ.

ಕುಣಿಯನ್ನು ಬೇಸಿಗೆಯಲ್ಲೇ ತೋಡಿ ಇಡಿರಿ. ಎರಡು ಫೂಟು ಉದ್ದ, ಎರಡು ಫೂಟು ಅಗಲ, ಎರಡು ಫೂಟು ಆಳ. ಅಂದರೆ ಮೊಣಕಾಲು ಮುಳುಗಬೇಕು. ತೋಡಿದ ಕುಣಿಯ ಮೇಲೆ ಹಲಗೆ ಇಲ್ಲವೇ ಮುಳ್ಳು ಮುಚ್ಚಿರಿ. ಇಲ್ಲದಿದ್ದರೆ ರಾತ್ರಿ ನಡೆಯುವವರ ಕಾಲು ಮುರಿಯುತ್ತದೆ.

ಮೇಲಿನ ಮಣ್ಣು ಒಂದು ಕಡೆ, ಕೆಳಗಿನ ಗರಸು ಇನ್ನೊಂದು ಕಡೆ ಹಾಕಿರಿ. ಹಚ್ಚುವಾಗ ಮೇಲಿನ ಮಣ್ಣಿಗೆ ಕಳಿತ ಸಗಣಿ ಗೊಬ್ಬರ ಕೂಡಿಸಿ ಕುಣಿಗೆ ತುಂಬಿರಿ. ಹಸಿ ಸಗಣಿ ಬೇಡ. ಅದರ ಕಾವಿಗೆ ಬೇರು ಸುಡುತ್ತದೆ. ಸಸಿಯ ಪ್ಲಾಸ್ಟಿಕ್ ಚೀಲ ಹರಿದು ತೆಗೆಯಿರಿ. ಚೀಲ ಸಮೇತ ಹುಗಿದವರನ್ನೂ ನಾವು ಕಂಡಿದ್ದೇವೆ!

ಸಸಿಯ ಸುತ್ತ ತಟ್ಟೆಯ ಹಾಗೆ ಮಣ್ಣಿನ ಒಡ್ಡು ಮಾಡಿರಿ. ಬೇಲಿ ಕಟ್ಟಿರಿ. ಜಾಲಿ ಮುಳ್ಳಿನ ಬೇಲಿ ಆದರೆ ಮಕ್ಕಳು ಆಡುವ ದಾರಿಗೆ ಮುಳ್ಳು ಚಾಚದಂತೆ ನೋಡಿರಿ.

ನೀರು ಉಳಿಸುವ ಮೂರು ದಾರಿ

ಒಂದು, ಹೊದಿಕೆ. ಗಿಡದ ಬುಡಕ್ಕೆ ಒಣ ಎಲೆ, ಜೋಳದ ರವದಿ, ಶೇಂಗಾ ಹೊಟ್ಟು ಹರಡಿರಿ. ನಾಲ್ಕು ಬೆರಳು ದಪ್ಪ ಸಾಕು. ನಾವು ಬಿಸಿಲಿಗೆ ತಲೆ ಮೇಲೆ ಸೆರಗು ಹೊದೆಯುತ್ತೇವೆ. ನೆಲಕ್ಕೂ ಹಾಗೇ ಸೆರಗು ಬೇಕು. ಹೊದಿಕೆ ಇದ್ದರೆ ಹಸಿ ಬೇಗ ಆರುವುದಿಲ್ಲ. ಕಳೆ ಕಡಿಮೆ. ಕಳಿತ ಮೇಲೆ ಅದೇ ಗೊಬ್ಬರ. ನಾವು ಅಂದು ಸುಟ್ಟದ್ದು ಕಸ ಅಲ್ಲ, ತಾಯಂದಿರೇ. ಹೂವು ಬಿಡದ ಒಣ ಹುಲ್ಲು, ಉದುರಿದ ಎಲೆ, ಎಲ್ಲವೂ ಗಿಡಗಳ ಸೆರಗು ಆಗುತ್ತಿತ್ತು.

ಒಂದು ಎಚ್ಚರ. ಹೊದಿಕೆ ಗಿಡದ ಕಾಂಡಕ್ಕೆ ತಾಗಬಾರದು. ಒಂದು ಗೇಣು ಬಿಡಿರಿ. ಮನೆಯ ಗೋಡೆಗೂ ಹತ್ತಿಸಿ ಹಾಕಬಾರದು. ಗೆದ್ದಲು, ಚೇಳು ಸೇರುತ್ತವೆ. ಕಿಡಿ ಬಿದ್ದರೆ ಬೆಂಕಿ ಮನೆಗೇ ಬರುತ್ತದೆ.

ಎರಡು, ಗಡಿಗೆ. ಇದು ಬಹಳ ಹಳೆಯ ಉಪಾಯ. ಸಣ್ಣ ಮಣ್ಣಿನ ಗಡಿಗೆ ತನ್ನಿರಿ. ಬಣ್ಣ ಹಚ್ಚಿದ್ದು ಬೇಡ. ಸಸಿಯಿಂದ ಒಂದು ಗೇಣು ದೂರ ಕಂಠದವರೆಗೆ ಹುಗಿಯಿರಿ. ನೀರು ತುಂಬಿ ಬಾಯಿ ಮುಚ್ಚಿರಿ. ಗಡಿಗೆ ಸಣ್ಣಗೆ ಬೆವರುತ್ತದೆ. ಆ ಹಸಿಯನ್ನು ಬೇರು ಕುಡಿಯುತ್ತದೆ. ಮೇಲಿನ ಬಿಸಿಲಿಗೆ ಏನೂ ಸಿಗುವುದಿಲ್ಲ. ತೊರವಿಯ ಸುರಂಗದ ಜಾಣತನವೇ ನಿಮ್ಮ ಗಡಿಗೆಯಲ್ಲೂ ಇದೆ. ಬಾಯಿ ಮುಚ್ಚುವುದು ಮರೆಯಬೇಡಿರಿ. ತೆರೆದಿಟ್ಟರೆ ಸೊಳ್ಳೆ ಮೊಟ್ಟೆ ಇಡುತ್ತದೆ.

ಗಡಿಗೆ ಇಲ್ಲದಿದ್ದರೆ ದಿನಾ ಚರಿಗೆ ನೀರು ಚಿಮುಕಿಸಬೇಡಿರಿ. ವಾರಕ್ಕೆ ಎರಡು ಸಲ ಒಂದೊಂದು ಬಕೇಟು ನಿಧಾನಕ್ಕೆ ಹಾಕಿರಿ. ಆಗ ನೀರು ಆಳಕ್ಕೆ ಇಳಿಯುತ್ತದೆ. ಬೇರೂ ನೀರನ್ನು ಹುಡುಕಿ ಆಳಕ್ಕೆ ಇಳಿಯುತ್ತದೆ. ಮುಂಜಾನೆ ಇಲ್ಲವೇ ಹೊತ್ತು ಮುಳುಗುವಾಗ ಹಾಕಿರಿ.

ಮೂರು, ಬಚ್ಚಲ ನೀರು. ಆ ಅಜ್ಜಿಯ ಮನೆಯಲ್ಲಿ ಬಚ್ಚಲಿನಿಂದ ಹಿತ್ತಲಿಗೆ ಸಣ್ಣ ಕಾಲುವೆ ಇದೆ. ಅದರ ದಂಡೆಗೆ ಬಾಳೆ, ಕೆಸು, ಕರಿಬೇವು. "ನಾ ಒಂದು ಕೊಡಾ ಹೆಚ್ಚಿಗಿ ಹೊತ್ತಿಲ್ಲ. ಜಳಕದ ನೀರಾಗ ಬೆಳದಾವ" ಅನ್ನುತ್ತಾರೆ. ಜಳಕದ ನೀರು, ಪಾತ್ರೆ ತೊಳೆದ ನೀರು ಗಿಡಕ್ಕೆ ನಡೆಯುತ್ತದೆ. ಬಟ್ಟೆ ಒಗೆದ ನೀರಿನಲ್ಲಿ ಸೋಡಾ, ಪೌಡರು ಬಹಳ ಇದ್ದರೆ ಬೇಡ. ನೆಲ ಕೆಡುತ್ತದೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಸೌತೆಗೆ ಬಚ್ಚಲ ನೀರು ಹಾಕಬಾರದು. ಆ ನೀರನ್ನು ಕೂಡಿಟ್ಟು ನಾರಿಸಬಾರದು. ಅಂದಿನದು ಅಂದೇ ಹರಿಯಬೇಕು.

ಮಾಳಿಗೆಯ ಲೆಕ್ಕ

ಈಗ ಸಣ್ಣ ಲೆಕ್ಕ ಮಾಡೋಣ. ಪಾಟಿ ತಗೊಳ್ರಿ.

ನಿಮ್ಮ ಮಾಳಿಗೆ 10 ಫೂಟು ಉದ್ದ, 10 ಫೂಟು ಅಗಲ ಇದೆ ಅನ್ನಿರಿ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಅದರ ಮೇಲೆ ಸುಮಾರು 5,500 ಲೀಟರ್ ನೀರು ಬೀಳುತ್ತದೆ. ಆರಿದ್ದು, ಸೋರಿದ್ದು ತೆಗೆದರೂ 4,400 ಲೀಟರ್ ಉಳಿಯುತ್ತದೆ. ಒಂದು ಕೊಡಕ್ಕೆ 15 ಲೀಟರ್. ಹಾಗಾದರೆ ಎಷ್ಟು ಕೊಡ?

ಸುಮಾರು 290 ಕೊಡ! ಯಾರೂ ಹೊರದೆ ಮನೆಗೆ ಬಂದ 290 ಕೊಡ. ಅದನ್ನು ನಾವು ಗಟಾರಕ್ಕೆ ಬಿಡುತ್ತೇವೆ.

ಮಾಳಿಗೆಯ ನೀರನ್ನು ಪೈಪಿನಿಂದ ಗಿಡದ ಬುಡಕ್ಕೆ ತಿರುಗಿಸಿರಿ. ಇಲ್ಲವೇ ಇಂಗು ಗುಂಡಿಗೆ ಬಿಡಿರಿ. ಅಂಗಳಕ್ಕೆ ಪೂರಾ ಸಿಮೆಂಟು, ಫರಸಿ ಹಾಕಬೇಡಿರಿ. ಫರಸಿ ಹಗಲು ಕಾಯುತ್ತದೆ, ರಾತ್ರಿಯೆಲ್ಲ ಝಳ ಬಿಡುತ್ತದೆ. ನೀರು ಇಂಗಲು ನೆಲಕ್ಕೆ ಬಾಯಿ ಬೇಕಲ್ಲ. ನಡೆಯುವಷ್ಟು ಹಾಕಿ, ಉಳಿದದ್ದು ಮಣ್ಣು ಬಿಡಿರಿ.

ಅಪಾಯ ತಪ್ಪಿಸೋಣ

ಹಸಿರು ಇದ್ದರೆ ಸಾಲದು. ಅದು ನಮ್ಮನ್ನು ಕಾಯಬೇಕು, ಕೊಲ್ಲಬಾರದು. ಈ ಮಾತುಗಳನ್ನು ಎರಡು ಸಲ ಓದಿರಿ.

ಬೆಂಕಿ: ಬೇಸಿಗೆಯಲ್ಲಿ ಕಸ ಸುಡಬೇಡಿರಿ. ಪ್ಲಾಸ್ಟಿಕ್ ಎಂದೂ ಸುಡಬೇಡಿರಿ. ಅದರ ಹೊಗೆ ವಿಷ. ಬಣವಿಯ ಸುತ್ತ ಆರೇಳು ಹೆಜ್ಜೆ ನೆಲ ಬರಿದು ಇಡಿರಿ. ಒಲೆಯ ಬೂದಿ ತಣ್ಣಗಾಗದೆ ಹೊರಗೆ ಚೆಲ್ಲಬೇಡಿರಿ. ಬೆಂಕಿ ಬಿದ್ದರೆ 112ಕ್ಕೆ ಫೋನ್ ಮಾಡಿರಿ.

ಕಾಂಗ್ರೆಸ್ ಕಸ: ಇದರಿಂದ ಕೆರೆತ, ಉಬ್ಬಸ ಬರುತ್ತದೆ. ಹೂವು ಬಿಡುವ ಮೊದಲೇ, ಮಳೆ ಬಿದ್ದು ನೆಲ ಮೆತ್ತಗೆ ಇದ್ದಾಗ ಬೇರು ಸಮೇತ ಕೀಳಬೇಕು. ಬರಿಗೈಯಿಂದ ಮುಟ್ಟಬೇಡಿರಿ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿರಿ. ಮೂಗಿಗೆ ಬಟ್ಟೆ ಕಟ್ಟಿರಿ.

ವಿಷದ ಗಿಡ: ಕಣಗಿಲೆಯ ಹೂವು ದೇವರಿಗೆ ಚೆಂದ. ಆದರೆ ಅದರ ಎಲೆ, ಕಾಯಿ, ಬೇರು ಎಲ್ಲ ವಿಷ. ಉಮ್ಮತ್ತಿ ವಿಷ. ಔಡಲ ಬೀಜ ವಿಷ. ಅಂಗನವಾಡಿ, ದನದ ಕೊಟ್ಟಿಗೆಯ ಹತ್ತಿರ ಇವನ್ನು ಹಚ್ಚಬೇಡಿರಿ. ಮಗು ತಿಂದರೆ ಮನೆಮದ್ದು ಮಾಡುತ್ತ ಕೂಡಬೇಡಿರಿ. ತಿಂದ ಎಲೆಯನ್ನೋ ಬೀಜವನ್ನೋ ಹಿಡಿದುಕೊಂಡು ಆಸ್ಪತ್ರೆಗೆ ಓಡಿರಿ.

ಹಾವು, ಚೇಳು: ಕಟ್ಟಿಗೆ, ಕಲ್ಲು, ಹಳೆ ಹಂಚು ಗೋಡೆಗೆ ಒಟ್ಟಬೇಡಿರಿ. ಕತ್ತಲಲ್ಲಿ ಬ್ಯಾಟರಿ ಇಲ್ಲದೆ ಹಿತ್ತಲಿಗೆ ಹೋಗಬೇಡಿರಿ. ಕಸ ತೆಗೆಯುವಾಗ ಮೊದಲು ಕೋಲಿನಿಂದ ಬಡಿಯಿರಿ. ಆಮೇಲೆ ಕೈ ಹಾಕಿರಿ. ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿರಿ. ಕೊಯ್ಯಬೇಡಿರಿ. ರಕ್ತ ಹೀರಬೇಡಿರಿ. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು, 108 ಗಾಡಿಗೆ ಫೋನ್ ಮಾಡಿ ಆಸ್ಪತ್ರೆಗೆ ಒಯ್ಯಿರಿ. ಮಂತ್ರ ಹಾಕಿಸುತ್ತ ಕಳೆದ ಹೊತ್ತು ಮರಳಿ ಬರುವುದಿಲ್ಲ.

ಕರೆಂಟು: ತಂತಿಯ ಕೆಳಗೆ ಎತ್ತರದ ಗಿಡ ಹಚ್ಚಬೇಡಿರಿ. ಕೊಂಬೆ ತಂತಿಗೆ ತಾಗಿದರೆ ನೀವೇ ಕಡಿಯಬೇಡಿರಿ. 1912ಕ್ಕೆ ಫೋನ್ ಮಾಡಿ ಹೆಸ್ಕಾಂನವರಿಗೆ ತಿಳಿಸಿರಿ.

ಬಾವಿ, ಗುಂಡಿ: 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಕೂಸು ಕೊಳವೆ ಬಾವಿಯಲ್ಲಿ ಬಿತ್ತು. ಸುಮಾರು 20 ತಾಸು ನಾಡೆಲ್ಲ ಉಸಿರು ಹಿಡಿದು ಕೂತಿತ್ತು. ಆ ಕೂಸು ಬದುಕಿ ಬಂತು. ಎಲ್ಲ ಕೂಸುಗಳಿಗೂ ಆ ಪುಣ್ಯ ಇರುವುದಿಲ್ಲ. ನೀರು ಬರದ ಕೊಳವೆ ಬಾವಿಯ ಬಾಯಿ ಅಂದೇ ಮುಚ್ಚಿಸಿರಿ. ಇಂಗು ಗುಂಡಿಗೂ ಮುಚ್ಚಳ ಇರಲಿ.

ಸೊಳ್ಳೆ: ಡೆಂಗಿ ಸೊಳ್ಳೆ ಹುಟ್ಟುವುದು ಗಟಾರದಲ್ಲಿ ಅಲ್ಲ, ನಾವು ತುಂಬಿಟ್ಟ ತಿಳಿ ನೀರಿನಲ್ಲಿ. ಹೌದು, ಬ್ಯಾರಲ್, ಕೂಲರ್, ಹಳೆ ಟೈರು, ತೆಂಗಿನ ಚಿಪ್ಪು. ವಾರಕ್ಕೊಮ್ಮೆ ಎಲ್ಲ ಖಾಲಿ ಮಾಡಿ ತಿಕ್ಕಿ ಒಣಗಿಸಿರಿ. ಆ ನೀರನ್ನು ಗಿಡಕ್ಕೆ ಹಾಕಿರಿ.

ಬಿಸಿಲು: ಗಿಡದ ಕೆಲಸ ಮುಂಜಾನೆ ಹತ್ತರ ಒಳಗೆ ಮುಗಿಸಿರಿ. ತಲೆಗೆ ಬಟ್ಟೆ, ಕಾಲಿಗೆ ಚಪ್ಪಲಿ ಇರಲಿ. ನೀರಡಿಕೆ ಆಗುವ ಮೊದಲೇ ನೀರು ಕುಡಿಯಿರಿ. ಮಜ್ಜಿಗೆ ಕುಡಿಯಿರಿ. ವಾಂತಿ, ಭೇದಿ ಆಗಿ ಸೋತರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಕೂಡಿಸಿ ಕುಡಿಯಿರಿ. ಬಿಸಿಲಲ್ಲಿ ಮೈ ಕಾದು, ತಲೆ ತಿರುಗಿ, ಮಾತು ತೊದಲಿದರೆ ನೆರಳಿಗೆ ಒಯ್ದು ಮೈಗೆ ತಣ್ಣೀರು ಹಚ್ಚಿ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿರಿ.

ಆ ಜಾಗ ಈಗ ಹೇಗಿದೆ?

ನೀವು ಕೇಳಬಹುದು. ಆ ಖುಲ್ಲಾ ಜಾಗ ಏನಾಯಿತು ಅಂತ.

ಮರು ವರ್ಷ ನಾವು 20 ಸಸಿ ತರಲಿಲ್ಲ. ನೀರು ಹಾಕಲು ಎಷ್ಟು ಕೈ ಇವೆ ಅಂತ ಮೊದಲು ಎಣಿಸಿದೆವು. ಒಂಬತ್ತು ಮನೆಯವರು ಮುಂದೆ ಬಂದರು. ಒಂಬತ್ತೇ ಸಸಿ ತಂದೆವು. ಒಂದು ಮನೆಗೆ ಒಂದು ಗಿಡ. ಬೇಸಿಗೆಯಲ್ಲಿ ಕುಣಿ, ಮಳೆಯಲ್ಲಿ ಸಸಿ, ಬುಡಕ್ಕೆ ರವದಿ, ಪಕ್ಕಕ್ಕೆ ಗಡಿಗೆ. ಮೇವು ಕಳೆದುಕೊಂಡ ಆ ಅಕ್ಕನೂ ಬಂದರು. "ಸಗಣಿ ಗೊಬ್ಬರ ನಮ್ಮ ಎಮ್ಮಿದು ಒಯ್ಯಿರಿ. ಆದ್ರ ಅಕ್ಕೋರ, ಕಡ್ಡಿಪೆಟ್ಟಿಗಿ ಮಾತ್ರ ಮನ್ಯಾಗ ಇಟ್ಟು ಬರ್ರಿ" ಅಂದರು. ಎಲ್ಲರೂ ನಕ್ಕರು. ನಮಗೆ ನಗುವೂ ಬಂತು, ಕಣ್ಣೀರೂ ಬಂತು.

ಒಂಬತ್ತರಲ್ಲಿ ಎಂಟು ಗಿಡ ಒಂದು ಬೇಸಿಗೆ ದಾಟಿವೆ. ಹಳೆಯ ಮೂರೂ ಇವೆ. ಇನ್ನೂ ಒಂದು ಬೇಸಿಗೆ ದಾಟಬೇಕು. ಅದಕ್ಕೇ ಈಗಲೇ ಗೆದ್ದೆವು ಅಂತ ಹೇಳುವುದಿಲ್ಲ.

ಇನ್ನೊಂದು ಕೆಲಸ ಬಾಕಿ ಇತ್ತು. ಆ ಜಾಗದ ಅಂಚಿಗೆ ಒಂದು ಹಾಳು ಗುಂಡಿ ಬಾಯಿ ತೆರೆದು ಬಿದ್ದಿತ್ತು. ಅದಕ್ಕೆ ಮುಚ್ಚಳ ಹಾಕಿಸಿರಿ ಅಂತ ಅರ್ಜಿ ಬರೆಯಬೇಕಿತ್ತು. ನಾವು ಬರೆದು ಕೊಡುತ್ತೇವೆ ಅಂದೆವು. ಅಜ್ಜಿ ಬೇಡ ಅಂದರು. "ಮೂರು ವರ್ಷ ಅಕ್ಷರಾ ಕಲಸೀರಿ. ಮತ್ತ ನೀವ ಬರದ್ರ ನಾವು ಕಲತದ್ದು ಯಾತಕ್ಕ?"

ಅರ್ಜಿಯನ್ನು ತರಗತಿಯ ಅಕ್ಕಂದಿರೇ ಬರೆದರು. ಏಳು ಸಾಲು. ಎರಡು ಕಡೆ ಒತ್ತಕ್ಷರ ತಪ್ಪಿತ್ತು. ನಾವು ತಿದ್ದಲಿಲ್ಲ. ಕೆಳಗೆ 14 ಜನರ ಸಹಿ. ಹೆಬ್ಬೆಟ್ಟು ಒಂದೂ ಇಲ್ಲ. ಮೊದಲ ಸಹಿ ಅಜ್ಜಿಯದು. ಒಂದೊಂದು ಅಕ್ಷರಕ್ಕೂ ಉಸಿರು ಹಿಡಿದು ಬರೆದರು. ಅರ್ಜಿ ಒಯ್ದು ಕೊಟ್ಟು, ಕೊಟ್ಟದ್ದಕ್ಕೆ ಪಾವತಿ ತಂದೆವು. ಹದಿನೆಂಟನೆಯ ದಿನ ಗುಂಡಿಯ ಮೇಲೆ ಕಲ್ಲು ಬಂತು.

ಅಂಗನವಾಡಿ ಮಕ್ಕಳು ಈಗ ಆ ದಾರಿಯಲ್ಲೇ ನಡೆಯುತ್ತಾರೆ.

ತಾಯಂದಿರೇ, ಈ ಊರಿನಲ್ಲಿ ಬಾವಡಿ ಕಟ್ಟಿಸಿದ ಅರಸರ ಹೆಸರು ಕಲ್ಲಿನ ಮೇಲೆ ಇವೆ. ಕಲ್ಲು ಹೊತ್ತವರ ಹೆಸರು ಎಲ್ಲೂ ಇಲ್ಲ. ನೀರು ಹೊತ್ತವರ ಹೆಸರಂತೂ ಇಲ್ಲವೇ ಇಲ್ಲ. ನೀವು ಈಗ ಬರೆಯಲು ಕಲಿತಿದ್ದೀರಿ. ನಿಮ್ಮ ಗಿಡದ ಬೇಲಿಗೆ ಒಂದು ತಗಡು ಕಟ್ಟಿರಿ. ಹಚ್ಚಿದ ದಿನ ಬರೆಯಿರಿ. ನಿಮ್ಮ ಹೆಸರು ನೀವೇ ಬರೆಯಿರಿ.

ಹೊತ್ತಾಯಿತು. ಬಿಸಿಲು ಇಳಿದಿದೆ. ಹೋಗುವಾಗ ಬಾಗಿಲ ಬಳಿ ಇಟ್ಟ ಬಕೇಟಿನ ನೀರನ್ನು ಆ ಬೇವಿನ ಬುಡಕ್ಕೆ ಹಾಕಿ ಹೋಗಿರಿ. ಇಷ್ಟು ಹೊತ್ತು ಅದು ನಮ್ಮ ಚಪ್ಪಲಿ ಕಾಯ್ದಿದೆ.

ಓದಿ ಉತ್ತರ ಹೇಳಿರಿ

1. ತೊರವಿಯಿಂದ ನೀರನ್ನು ನೆಲದ ಒಳಗೆ ಯಾಕೆ ತಂದರು?
2. ಗಿಡದ ಬುಡಕ್ಕೆ ಹೊದಿಕೆ ಹಾಕಿದರೆ ಏನು ಲಾಭ? ಯಾವ ಎಚ್ಚರ ಬೇಕು?
3. ಹಾವು ಕಚ್ಚಿದಾಗ ಏನು ಮಾಡಬೇಕು? ಏನು ಮಾಡಬಾರದು?
4. ನಿಮ್ಮ ಮಾಳಿಗೆಯ ಉದ್ದ, ಅಗಲ ಅಳೆಯಿರಿ. ವರ್ಷಕ್ಕೆ ಎಷ್ಟು ಕೊಡ ಮಳೆ ನೀರು ಬೀಳುತ್ತದೆ? ಲೆಕ್ಕ ಮಾಡಿರಿ.
5. ನಿಮ್ಮ ಓಣಿಯಲ್ಲಿ ಬಾಯಿ ತೆರೆದ ಗುಂಡಿ ಇದೆಯೇ? ಐದು ಸಾಲಿನ ಅರ್ಜಿ ಬರೆಯಿರಿ. ಕೆಳಗೆ ಸಹಿ ಮಾಡಿರಿ.